ಎಡಗಡೆ ಸೀಟಿನ ಬ್ರೇಕು

ಡ್ರೈವಿಂಗ್ ಕಲಿಸೋ ಕೆಲಸಕ್ಕೆ ಇಳಿದವರು ನಗೋದಕ್ಕೆ ಅಂತ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಗ್ಗೆ ಎದ್ದು ಎಡಗಡೆ ಸೀಟಲ್ಲಿ ಕೂತರೆ ಸಾಕು, ಬಲಗಡೆ ಸೀಟಿಂದ ಅದು ತಾನಾಗೇ ಬರುತ್ತೆ. ಕೆಲವು ಸಲ ಮೊದಲು ಜೀವ ಬಾಯಿಗೆ ಬಂದು, ಆಮೇಲೆ ನಗು ಬರುತ್ತೆ, ಅಷ್ಟೇ ವ್ಯತ್ಯಾಸ.

ಚಿಕ್ಕಬಳ್ಳಾಪುರದಲ್ಲಿ ನಂದೊಂದು ಪುಟ್ಟ ಡ್ರೈವಿಂಗ್ ಸ್ಕೂಲ್ ಇದೆ. ಸ್ಕೂಲ್ ಅಂದ್ರೆ ಒಂದು ರೂಮು, ಒಂದು ಬೋರ್ಡು, ಒಂದು ಕಾರು, ನಾನು. ಕಾರಿಗೆ ಎರಡು ಬ್ರೇಕು. ಒಂದು ಕಲಿಯೋರ ಕಾಲ ಕೆಳಗೆ, ಇನ್ನೊಂದು ಎಡಗಡೆ ಕೂತ ನನ್ನ ಕಾಲ ಕೆಳಗೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಊರೆಲ್ಲ ಹೇಳುತ್ತೆ. ಜೋರಿಲ್ಲದೆ ಹೋಗಿದ್ರೆ ಇಷ್ಟೊತ್ತಿಗೆ ಹಾರ ಹಾಕಿಸ್ಕೊಂಡು ಗೋಡೆ ಮೇಲೆ ಇರ್ತಿದ್ದೆ.

ನಮ್ಮನೆಯವರು ಬಸ್ ಡ್ರೈವರ್ ಆಗಿದ್ದು ರಿಟೈರ್ ಆದವರು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಜೀವನ ಪೂರ್ತಿ ಅದೇ ರೋಡು. ಟಾಪಿನ ಮೇಲೆ ಜನ ಕೂತಿರಲಿ, ಬಾಗಿಲಲ್ಲಿ ನೇತಾಡ್ತಿರಲಿ, ಅವರಿಗೆ ಭಯ ಅಂತ ಒಂದು ದಿನಾನೂ ಆಗಿದ್ದಿಲ್ಲ. ಆದರೆ ಸ್ಟೇರಿಂಗ್ ಇನ್ನೊಬ್ಬರ ಕೈಲಿದ್ರೆ ಮುಗೀತು. ಬೆವರು, ಎದೆ ಡವಡವ, ವೆಂಕಟರಮಣಾ ಗೋವಿಂದಾ. ಒಂದು ಸಲ ಬಸ್ಸಲ್ಲಿ ಪ್ಯಾಸೆಂಜರ್ ಆಗಿ ಹೋಗಿ, ಡ್ರೈವರ್ ಹಿಂದೆ ನಿಂತ್ಕೊಂಡು ದಾರಿಯುದ್ದಕ್ಕೂ "ಗೇರ್ ಇಳ್ಸಪ್ಪ, ಎಡಕ್ಕೆ ಬಿಡಪ್ಪ" ಅಂತಿದ್ರಂತೆ. ಆ ಡ್ರೈವರ್ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಎದ್ದು ನಿಂತು, "ಅಣ್ಣಾ, ಒಂದೋ ನೀವು ಕೂತ್ಕೊಳಿ, ಇಲ್ಲ ನನ್ನ ಕೂರಕ್ಕೆ ಬಿಡಿ" ಅಂದನಂತೆ. ಅವತ್ತಿಂದ ಬಸ್ ಬಂದ್. ಆಟೋಗೆ ಮೂರೇ ಚಕ್ರ, ಅದು ಗಾಡಿನೇ ಅಲ್ಲ. ನನ್ನ ಕಾರು? ಅದರ ಮಾತೇ ಎತ್ತಂಗಿಲ್ಲ.

ಇದೆಲ್ಲ ತಮಾಷೆಯಾಗೇ ಇತ್ತು, ಅವರ ಎರಡು ಕಣ್ಣಿಗೂ ಪೊರೆ ಬರೋ ತನಕ. ತಮ್ಮ ಸ್ಕೂಟರಲ್ಲೇ ಚಿಂತಾಮಣಿಗೆ ಹೋದ್ರು. ಅಲ್ಲಿನ ಕಣ್ಣಿನ ಡಾಕ್ಟ್ರು ನೋಡಿ, "ಬಲಗಣ್ಣು ಪೂರ್ತಿ ಬಲಿತುಬಿಟ್ಟಿದೆ, ಇನ್ನು ತಡ ಮಾಡಿದ್ರೆ ನಾನು ಜವಾಬ್ದಾರನಲ್ಲ" ಅಂದ್ರು. ಆಪರೇಷನ್‌ಗೆ ಹೋಗಬೇಕು ಅಂದ್ರೆ ಯಾರದ್ದಾದರೂ ಪಕ್ಕದಲ್ಲಿ ಕೂತು ಹೋಗಬೇಕು, ಪಟ್ಟಿ ಕಟ್ಟಿಸ್ಕೊಂಡು ಯಾರದ್ದಾದರೂ ಪಕ್ಕದಲ್ಲಿ ಕೂತು ಬರಬೇಕು. ಇವರು ಒಪ್ಪಲಿಲ್ಲ. ಕೊಟ್ಟ ದಿನ ತಪ್ಪಿತು. ಇನ್ನೊಂದು ದಿನ ಕೊಟ್ರು, ಅದೂ ತಪ್ಪಿತು.

"ಕಣ್ಣಿಗೆ ಕತ್ತರಿ ಹಾಕ್ತಾರೆ ಅಂತ ಭಯನೇನ್ರೀ?" ಅಂತ ಕೇಳಿದೆ.

"ಕತ್ತರಿಗೆ ಯಾಕೆ ಹೆದರಲಿ? ಅದು ಡಾಕ್ಟ್ರ ಕೈಲಿರುತ್ತೆ. ಕಾರು ನಿನ್ನ ಕೈಲಿರುತ್ತಲ್ಲ ಕಣೇ!" ಅಂದ್ರು.

ಅಂಟು ಹಾಕಿಸ್ಕೊಂಡ ಗಣೇಶ

ಶಿಡ್ಲಘಟ್ಟದಿಂದ ಒಬ್ಬರು ಕಲಿಯಕ್ಕೆ ಬರ್ತಿದ್ರು. ರೇಷ್ಮೆ ನೂಲು ಬಿಚ್ಚಿಸೋ ಘಟಕ ಇಟ್ಟವರು, ಒಳ್ಳೆ ಅನುಕೂಲಸ್ಥರು. ಹೊಸ ಕಾರು ತಗೊಂಡ್ರು. "ಇವತ್ತು ನನ್ನ ಕಾರಲ್ಲೇ ಕಲ್ಸಿ ಮೇಡಂ" ಅಂದ್ರು. ಸರಿ ಅಂತ ಹೋದೆ.

ಕಾರು ನೋಡಿ ನನಗೆ ಕೈ ಮುಗಿಯೋಣ ಅನ್ನಿಸ್ತು. ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದೆ ಕರಿದಾರ. ಕನ್ನಡಿಗೆ ತಾಯತ. ಡ್ಯಾಶ್‌ಬೋರ್ಡ್ ಮೇಲೆ ಗಣೇಶ, ಅವನ ಪಕ್ಕಕ್ಕೆ ಆಂಜನೇಯ, ಸಂದಿಯಲ್ಲಿ ಒಂದು ಪುಟ್ಟ ಬುದ್ಧ. ಬುದ್ಧನ್ನ ಯಾಕೆ ಇಟ್ರಿ ಅಂದ್ರೆ "ಶಾಂತವಾಗಿ ಓಡಿಸಣ ಅಂತ" ಅಂದ್ರು. ಗಾಡಿ ಎತ್ತಿದ ರಭಸಕ್ಕೆ ಬುದ್ಧನೇ ಕಣ್ಣು ಬಿಡಬೇಕು, ಹಂಗೆ ಎತ್ತಿದ್ರು.

"ಸ್ವಾಮಿ, ಮೊದ್ಲು ಬೆಲ್ಟ್ ಹಾಕ್ಕೊಳಿ" ಅಂದೆ.

"ಇಷ್ಟೆಲ್ಲ ಕಟ್ಟಿದೀನಲ್ಲ ಮೇಡಂ, ಇನ್ನು ಬೆಲ್ಟ್ ಯಾಕೆ? ಹಾಕ್ಕೊಂಡ್ರೆ ದೇವ್ರ ಮೇಲೆ ನಂಬ್ಕೆ ಇಲ್ಲ ಅಂದಂಗಾಗುತ್ತೆ."

ನಾನು ಗಣೇಶನ್ನ ಹಿಡ್ಕೊಂಡು ಅಲ್ಲಾಡಿಸಿದೆ. ಅಲ್ಲಾಡಲಿಲ್ಲ. "ಇದ್ಯಾಕೆ ಬರ್ತಿಲ್ಲ?" ಅಂತ ಕೇಳಿದೆ.

"ಗಮ್ ಹಾಕ್ಸಿದೀನಿ ಮೇಡಂ, ಬ್ರೇಕ್ ಹಾಕಿದ್ರೆ ಬಿದ್ದುಹೋಗ್ತಿದ್ದ."

"ಅಲ್ರೀ, ಗಣೇಶನೇ ಅಂಟು ಹಾಕಿಸ್ಕೊಂಡು ಕೂತವ್ನೆ, ನಿಮಗೇನ್ರೀ ಅಷ್ಟು ಧೈರ್ಯ?"

ಮನುಷ್ಯ ಸ್ವಲ್ಪ ಹೊತ್ತು ಗಣೇಶನ್ನ ನೋಡಿದ್ರು. ಆಮೇಲೆ ಬೆಲ್ಟ್ ಎಳೆದು ಹಾಕ್ಕೊಂಡ್ರು. ಮಾರನೇ ದಿನ ನೋಡ್ತೀನಿ, ಬೆಲ್ಟಿಗೂ ಅರಿಶಿನ ಕುಂಕುಮ ಹಚ್ಚಿದ್ರು.

ಎಲ್ಲ ಗೊತ್ತಿರೋರೇ

ಒಬ್ಬರು ಸ್ಕೂಲ್ ಮೇಡಂ ಇದ್ರು. ಮಹಾ ಪುಕ್ಕಲು. ಹೈವೇಗೆ ಕರ್ಕೊಂಡು ಹೋದ್ರೆ, ಎದುರಿಂದ ಲಾರಿ ಕಂಡ ಕೂಡಲೇ ಗಾಡಿ ನಿಲ್ಲಿಸಿ ಕಣ್ಣು ಮುಚ್ಚೋರು. ಲಾರಿ ಬರ್ತಿದ್ದಿದ್ದು ಆಚೆ ರೋಡಲ್ಲಿ. ನಡುವೆ ಸೊಂಟದೆತ್ತರ ಡಿವೈಡರ್, ಅದರ ಮೇಲೆ ಕಣಗಲೆ ಗಿಡ.

"ಮೇಡಂ, ನಡುವೆ ಡಿವೈಡರ್ ಇದೆಯಲ್ಲ?" ಅಂದೆ.

"ಇದೆ ಅಂತ ನಮಗೆ ಗೊತ್ತು. ಲಾರಿಗೆ ಗೊತ್ತಾ?"

ಇಷ್ಟು ಹೆದರೋ ಹೆಂಗಸು ರೋಡಿನ ಮೇಲೆ ಎಷ್ಟು ಹುಷಾರಾಗಿರಬಹುದು ಅಂತ ನಾನೂ ಅಂದ್ಕೊಂಡಿದ್ದೆ. ಒಂದು ದಿನ ತರಕಾರಿ ತರಕ್ಕೆ ಹೋಗಿದ್ದೆ. ಒನ್‌ವೇನಲ್ಲಿ ಎದುರಿಂದ ಒಂದು ಸ್ಕೂಟಿ ಬರ್ತಿದೆ. ಮುಂದೆ ಗ್ಯಾಸ್ ಸಿಲಿಂಡರ್, ಹಿಂದೆ ಮಗಳು, ಹೆಲ್ಮೆಟ್ ಮಗಳ ಮೊಣಕೈಗೆ ಸಿಕ್ಕಿಸಿದೆ. ಯಾರು ಅಂತ ನೋಡಿದ್ರೆ ನಮ್ಮ ಪುಕ್ಕಲು ಮೇಡಂ! ಒಂದು ಕೈಲಿ ನನಗೆ ಟಾಟಾ ಬೇರೆ.

ಅಡ್ಡ ಹಾಕಿ ನಿಲ್ಲಿಸಿದೆ. "ಇದೇನು ಮೇಡಂ, ಒನ್‌ವೇ!"

"ಅಯ್ಯೋ, ಇಲ್ಲೇ ಹತ್ರ ಅಲ್ವಾ. ಸುತ್ತಿ ಬಂದ್ರೆ ದೂರ."

"ಹತ್ರದ ರೋಡಲ್ಲಿ ಲಾರಿ ಬರಲ್ವಾ?"

"ಬರುತ್ತೆ," ಅಂದ್ರು ಸಮಾಧಾನವಾಗಿ, "ಆದ್ರೆ ಇಲ್ಲಿ ಬರೋರೆಲ್ಲ ಗೊತ್ತಿರೋರೇ ಕಣ್ರೀ!"

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಮುದ್ದೆ ಮುರಿಯೋದು ಬಿಟ್ಟು ನಕ್ಕರು. "ಜನಕ್ಕೆ ಬುದ್ಧಿ ಇಲ್ಲ ಕಣೇ. ಗೊತ್ತಿರೋ ರೋಡು ಅಂತ ಮೈಮರೆತ್ರೆ ಆಯ್ತಾ?" ಅಂದ್ರು. ಈ ಮಾತು ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಹುಳಕ್ಕಿರೋ ಮರ್ಯಾದೆ

ಜಂಗಮಕೋಟೆ ಕಡೆಯ ಒಬ್ಬಳು ಹೆಣ್ಣುಮಗಳು ಕಲಿಯಕ್ಕೆ ಸೇರಿದಳು. "ಯಾಕಮ್ಮ ಕಲೀತಿದೀಯ?" ಅಂದ್ರೆ "ನನ್ನ ಗಂಡನ ಬೈಕಿಂದ ಇಳಿಯಕ್ಕೆ ಅಕ್ಕ" ಅಂದಳು.

ಅವಳ ಗಂಡ ರೇಷ್ಮೆ ಸಾಕೋನು. ಅವನ ಬೈಕ್ ಅಂದ್ರೆ ಊರಲ್ಲಿ ನಾಯಿಗಳೂ ದಾರಿ ಬಿಡ್ತವಂತೆ. ಹೆಂಡತಿ ಹಿಂದೆ, ಮಗು ಮುಂದೆ, ಕೇಳಂಗಿಲ್ಲ, ಗಾಳಿ. "ಮೆಲ್ಲಗೆ ಹೋಗಿ" ಅಂದ್ರೆ "ಗಟ್ಟಿಯಾಗಿ ಹಿಡ್ಕೋ" ಅಂತಾನಂತೆ.

ಅದೇ ಮನುಷ್ಯ ಚಾಕಿ ಹುಳ, ಅಂದ್ರೆ ಎಳೇ ರೇಷ್ಮೆ ಹುಳ, ತರಕ್ಕೆ ಹೋದ ದಿನ ಬೇರೆ ಅವತಾರ. ಹುಳದ ಟ್ರೇ ಇಟ್ಕೊಂಡು ಹೆಂಡತಿ ಹಿಂದೆ ಕೂತ್ರೆ, ಬೈಕು ಮದುವೆ ಹೆಣ್ಣು ನಡೆದ ಹಾಗೆ ನಡೆಯುತ್ತೆ. ಹಳ್ಳ ಬಂದ್ರೆ ಇಳಿದು ತಳ್ಳಿಕೊಂಡು ದಾಟಿಸ್ತಾನೆ. ಹಂಪ್ ಬಂದ್ರೆ "ಹುಷಾರು ಕಣಮ್ಮಾ" ಅಂತಾನೆ. ಮೊದಲನೇ ಸಲ ತನಗೇ ಹೇಳಿದ್ದು ಅಂತ ಇವಳು ಖುಷಿಪಟ್ಟಿದ್ದಳಂತೆ.

"ನಾನೂ ಹುಳವಾಗಿ ಹುಟ್ಟಬೇಕಿತ್ತು ಅಕ್ಕ" ಅಂತ ಕಣ್ಣು ಒರೆಸ್ಕೊಂಡಳು. 

ಆದರೆ ಹುಡುಗಿ ಜಾಣೆ. ಒಂದು ದಿನ ತವರಿಗೆ ಹೋಗಬೇಕಾಗಿತ್ತು. ಇವಳು ಒಂದು ಖಾಲಿ ಟ್ರೇ ತಗೊಂಡು, ಮೇಲೆ ಪೇಪರ್ ಮುಚ್ಚಿ, ತೊಡೆ ಮೇಲಿಟ್ಕೊಂಡು ಬೈಕ್ ಹತ್ತಿದಳು. "ಪಕ್ಕದ ಮನೆಯೋರ ಹುಳ, ನಮ್ಮಮ್ಮನ ಊರಲ್ಲಿ ಕೊಡಬೇಕಂತೆ" ಅಂದಳು.  ಜಂಗಮಕೋಟೆಯಿಂದ ಮೇಲೂರಿನ ತನಕ ಬೈಕು ಒಂದು ಸಲಾನೂ ಕುಲುಕಲಿಲ್ಲ. ಮಗು ನಿದ್ದೆ ಹೋಯ್ತಂತೆ.

ಮನೆ ಮುಂದೆ ಇಳಿದ ಮೇಲೆ ಅವನು ಪೇಪರ್ ಎತ್ತಿ ನೋಡಿದ. ಖಾಲಿ. "ಎಲ್ಲೇ ಹುಳ?"

"ಇಲ್ಲಿದಾವಲ್ಲ" ಅಂತ ಇವಳು ತನ್ನನ್ನೂ ಮಗೂನೂ ತೋರಿಸಿದಳು.

ಮುಖ್ಯ ಅತಿಥಿಗಳು

ಚಿಂತಾಮಣಿಯ ಒಂದು ಕಾಲೇಜಲ್ಲಿ ರಸ್ತೆ ಸುರಕ್ಷತೆ ಕಾರ್ಯಕ್ರಮ ಅಂತ ನನ್ನನ್ನೂ ಕರೆದಿದ್ರು. ಮುಖ್ಯ ಅತಿಥಿ ಬಂದಿರಲಿಲ್ಲ. ಅಲ್ಲಿ ತನಕ ನೀವೇ ಏನಾದ್ರೂ ಮಾತಾಡಿ ಅಂದ್ರು.

"ಇಲ್ಲಿ ಕೆಟ್ಟದಾಗಿ ಗಾಡಿ ಓಡಿಸೋರು ಯಾರ್ಯಾರಿದ್ದೀರಿ, ಕೈ ಎತ್ತಿ" ಅಂದೆ. ಒಂದು ಕೈಯೂ ಏಳಲಿಲ್ಲ.

"ಸರಿ, ನಿಮ್ಮ ಪಕ್ಕದಲ್ಲಿ ಕೂತವರು ಕೆಟ್ಟದಾಗಿ ಓಡಿಸ್ತಾರೆ ಅನ್ನೋರು?" ಅಂದೆ. ಕೂತ ಹುಡುಗರೆಲ್ಲ ಎರಡೆರಡು ಕೈ ಎತ್ತಿದ್ರು. ವೇದಿಕೆ ಮೇಲಿದ್ದ ಪ್ರಿನ್ಸಿಪಾಲರೂ ಎತ್ತಿದ್ರು. ಅವರ ಪಕ್ಕದಲ್ಲಿ ಕೂತಿದ್ದೋಳು ನಾನು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದ್ರು, ಬೆವರು ಒರೆಸ್ಕೊಂಡು. ಮೈಕ್ ಹಿಡಿದು, "ತಡ ಆಗಿದ್ದಕ್ಕೆ ಕ್ಷಮೆ ಇರಲಿ. ಗೌರಿಬಿದನೂರಲ್ಲಿ ಇನ್ನೊಂದು ಕಾರ್ಯಕ್ರಮ ಇತ್ತು. ಆದರೂ ಅಲ್ಲಿಂದ ಒಂದು ಗಂಟೆಯೊಳಗೆ ಬಂದ್ಬಿಟ್ಟೆ, ನಿಮಗೋಸ್ಕರ!" ಅಂದ್ರು. ಹುಡುಗರು ಶಿಳ್ಳೆ ಹೊಡೆದ್ರು. ಆ ರೋಡು ಗೊತ್ತಿರೋರಿಗೆ ಗೊತ್ತು, ಒಂದು ಗಂಟೆಯೊಳಗೆ ಬರಬೇಕು ಅಂದ್ರೆ ಎಷ್ಟು ಜನರ ಶಾಪ ಹೊತ್ಕೊಂಡು ಬರಬೇಕು ಅಂತ.

ಆಮೇಲೆ ಕನ್ನಡಕ ಹಾಕ್ಕೊಂಡು ಭಾಷಣ ಓದಿದ್ರು. ವಿಷಯ: ಅವಸರವೇ ಅಪಘಾತಕ್ಕೆ ಕಾರಣ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅರ್ಧಕ್ಕೇ ನಿಲ್ಲಿಸಿ, "ನಾನು ಇನ್ನು ಬರ್ತೀನಿ, ಶಿಡ್ಲಘಟ್ಟದಲ್ಲಿ ಇದೇ ಭಾಷಣ ಕಾಯ್ತಾ ಇದೆ" ಅಂತ ಓಡಿದ್ರು.

ಬಾಯಿಪಾಠದ ರೋಡು

ಈಗ ನಮ್ಮನೆಯವರ ಕಥೆಗೆ ಬರ್ತೀನಿ. ಡಾಕ್ಟ್ರು ಸ್ಕೂಟರ್ ಮುಟ್ಟಬೇಡಿ ಅಂತ ಖಡಾಖಂಡಿತ ಹೇಳಿದ್ರು. ನಾನು ಕೀ ಬಚ್ಚಿಟ್ಟೆ. ಅಕ್ಕಿ ಡಬ್ಬದಲ್ಲಿ. ಪೊರೆ ಬಂದ ಕಣ್ಣಿಗೆ ಅದು ಹೆಂಗೆ ಕಾಣ್ತೋ, ಆ ದೇವರಿಗೇ ಗೊತ್ತು.

"ಮಂಡಿಕಲ್‌ಗೆ ತಂಗಿ ಮನೆಗೆ ಹೋಗಿ ಬರ್ತೀನಿ" ಅಂತ ಹೊರಟೇಬಿಟ್ರು.

"ಕಣ್ಣು ಕಾಣಲ್ಲ, ಎಲ್ಲಿಗ್ರೀ ಹೋಗ್ತೀರಾ?"

"ಕಣ್ಣು ಯಾಕೆ ಬೇಕು? ಆ ರೋಡು ನನಗೆ ಬಾಯಿಪಾಠ ಕಣೇ. ಎಲ್ಲಿ ಹಳ್ಳ, ಎಲ್ಲಿ ಹಂಪು, ಎಲ್ಲಿ ಹುಣಸೇಮರ, ನಿದ್ದೇಲಿ ಎಬ್ಬಿಸಿ ಕೇಳು."

ರೋಡು ಬಾಯಿಪಾಠ ಸರಿ. ಆದ್ರೆ ಅದು ಹುರುಳಿ ಒಕ್ಕಣೆ ಕಾಲ. ನಮ್ಮ ಕಡೆ ಕಣ ಮಾಡೋದು ಈಗ ಯಾರಿಗೆ ಬೇಕು? ಹುರುಳಿ ಗಿಡ ತಂದು ರೋಡಿಗೆ ಹರಡ್ತಾರೆ, ಬಸ್ಸು ಲಾರಿ ತುಳಿದು ಒಕ್ಕಿಕೊಡ್ತವೆ. ಹುರುಳಿ ಇವರ ಬಾಯಿಪಾಠದಲ್ಲಿ ಇರಲಿಲ್ಲ. ಸ್ಕೂಟರ್ ಜರ್ರಂತ ಜಾರಿತು. ಸ್ಕೂಟರ್ ಚರಂಡಿಗೆ, ಇವರು ಹುರುಳಿ ಗುಡ್ಡೆಗೆ.

ಗುಡ್ಡೆ ಕಾಯ್ತಿದ್ದ ಅಜ್ಜಿ ಪೊರಕೆ ಹಿಡ್ಕೊಂಡು ಓಡಿ ಬಂದಳಂತೆ. "ಏಂ ನಾಯನಾ, ಕಂಡ್ಲು ಕನಪಡಲೇದಾ?" ಅಂತ ತೆಲುಗಲ್ಲಿ ಶುರು ಮಾಡಿ, ಕಣ್ಣು ಕಾಣಲ್ವೇನಪ್ಪಾ ಅಂತ ಕನ್ನಡದಲ್ಲೂ ಇನ್ನೊಂದು ಸಲ ಬೈದಳಂತೆ.

ಇವರು ಗುಡ್ಡೆಯೊಳಗಿಂದಲೇ ಎದೆ ಸೆಟೆಸಿ, "ಯಾರು ಅಂದ್ಕೊಂಡಿದೀಯಮ್ಮ? ನಾನು ಬಸ್ ಡ್ರೈವರ್!" ಅಂದ್ರು.

"ಗೊತ್ತಾಯ್ತಪ್ಪ," ಅಂದಳು ಅಜ್ಜಿ, "ಸ್ಟಾಪ್ ಇಲ್ಲದ ಕಡೆ ನಿಲ್ಲಿಸ್ದಾಗಲೇ ಗೊತ್ತಾಯ್ತು."

ಯಾರೋ ಪುಣ್ಯಾತ್ಮರು, ಇವರು ದಾರಿಯುದ್ದಕ್ಕೂ ಗೋವಿಂದಾ ಅಂತಿದ್ರೂ ಬಿಡದೆ, ಮನೆಗೆ ಕರ್ಕೊಂಡು ಬಂದು ಬಿಟ್ರು. ಮೈಯೆಲ್ಲ ಹುರುಳಿ ಸಿಪ್ಪೆ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ, ಆ ಗತಿ. ಗೊತ್ತಿರೋ ರೋಡು ಅಂತ ಮೈಮರೆತ್ರೆ ಆಯ್ತಾ ಅಂತ ಸ್ಕೂಲ್ ಮೇಡಮ್ಮನ್ನ ಆಡ್ಕೊಂಡ ಮನುಷ್ಯ ಇವರೇ.

ನಾನು ಮೊದಲು ಬೈದೆ, ಹೊಟ್ಟೆ ತುಂಬ ಬೈದೆ. ಆಮೇಲೆ ಅವರ ಮೊಣಕೈಗೆ ಔಷಧಿ ಹಚ್ತಾ ಅತ್ತುಬಿಟ್ಟೆ. ಹುರುಳಿ ಇದ್ದ ಕಡೆ ಲಾರಿ ಇದ್ದಿದ್ರೆ?  ಕೊನೆಗೆ ಅವರು, "ಅಳ್ಬೇಡ ಕಣೇ. ಆಪರೇಷನ್ ಮಾಡಿಸ್ಕೋತೀನಿ. ಆದ್ರೆ ಬ್ರೇಕಿಲ್ಲದ ಸೀಟಲ್ಲಿ ನಾನು ಕೂರಲ್ಲ" ಅಂದ್ರು.

 "ನನ್ನ ಕಾರಲ್ಲಿ ಎಡಗಡೆ ಸೀಟಿಗೂ ಬ್ರೇಕಿದೆಯಲ್ರೀ!" ಅಂದೆ.

ಮೇಷ್ಟ್ರ ಮಾತು ಕೇಳಮ್ಮ

ಆಪರೇಷನ್ ದಿನಕ್ಕೆ ಮೊದಲು ಒಂದು ರಿಹರ್ಸಲ್ ಮಾಡೋಣ ಅಂತ ಹೊರಟ್ವಿ. ನಾನು ಬಲಗಡೆ, ಅವರು ಎಡಗಡೆ. ಕೂತ ತಕ್ಷಣ ಬ್ರೇಕ್ ಮೇಲೆ ಕಾಲಿಟ್ಟು, "ರೈಟ್" ಅಂದ್ರು. ಕಂಡಕ್ಟರ್ ರೈಟ್ ಅನ್ನದೆ ಗಾಡಿ ಎತ್ತಿ ಅಭ್ಯಾಸ ಇಲ್ಲ ನೋಡಿ, ಈಗ ತಾವೇ ಕಂಡಕ್ಟರ್ ಆಗಿದ್ರು.

ರೈಟ್ ಅಂದವರು ಕಾಲು ಎತ್ತಬೇಕಲ್ಲ! ಎತ್ತಲಿಲ್ಲ. ನಾನು ಆಕ್ಸಿಲೇಟರ್ ಕೊಡ್ತೀನಿ, ಅವರು ಬ್ರೇಕ್ ಹಿಡಿತಾರೆ. ಗಾಡಿ ಕಪ್ಪೆ ಥರ ಕುಪ್ಪಳಿಸುತ್ತೆ, ನಿಲ್ಲುತ್ತೆ. ಮುಂದೆ ಸೈಕಲ್ ಬಂತು, "ಹೋಲ್ಡಾನ್!" ಹಸು ಬಂತು, "ಹೋಲ್ಡಾನ್!" ಏನೂ ಬರಲಿಲ್ಲ, "ಹೋಲ್ಡಾನ್! ಏನೋ ಬರೋ ಹಂಗಿದೆ."

ಬಜಾರ್ ರೋಡಿನ ಮಧ್ಯದಲ್ಲಿ ಗಾಡಿ ಪೂರ್ತಿ ಆಫ್ ಆಯ್ತು. ಹಿಂದೆ ಸಾಲುಗಟ್ಟಿ ಹಾರನ್ನು. ಕಾರಿನ ಮುಂದೆ ಹಿಂದೆ ಕೆಂಪಗೆ 'ಎಲ್' ಬೋರ್ಡ್ ಇದೆ. ಪಕ್ಕಕ್ಕೆ ಬಂದ ಆಟೋದವನು ತಲೆ ಹೊರಗೆ ಹಾಕಿ, ನನ್ನ ನೋಡಿ, ಎಡಗಡೆ ಬಿಗಿಯಾಗಿ ಕೂತಿದ್ದ ಇವರನ್ನ ನೋಡಿ, "ಏನಮ್ಮಾ, ಇವತ್ತೇ ಫಸ್ಟ್ ಕ್ಲಾಸಾ? ಪಾಪ, ಆ ಮೇಷ್ಟ್ರ ಮಾತು ಕೇಳಮ್ಮ, ವಯಸ್ಸಾದೋರು!" ಅಂದ.

ಈ ಊರಿನ ಅರ್ಧ ಹೆಂಗಸರಿಗೆ ಡ್ರೈವಿಂಗ್ ಕಲಿಸಿದೋಳು ನಾನು! ಹೊಟ್ಟೆ ಉರಿದುಹೋಯ್ತು. ಇವರ ಕಡೆ ತಿರುಗಿದೆ. ಇವರು ಆಟೋದವನಿಗೆ ಕೈ ಎತ್ತಿ, "ಕಲೀತಾಳೆ ಬಿಡಪ್ಪ, ಸ್ವಲ್ಪ ನಿಧಾನ" ಅಂದ್ರು.

ಬ್ರೇಕ್ ಹಿಡಿದಿದ್ದು ಯಾರು

ಇವರನ್ನ ಮನೇಲಿ ಇಳಿಸಿ, ಜಂಗಮಕೋಟೆ ಹುಡುಗಿಯ ಖಾಲಿ ಟ್ರೇ ನೆನಪಾಗಿ, ಸೀದಾ ಮೆಕ್ಯಾನಿಕ್ ಹತ್ರ ಹೋದೆ. ನಮ್ಮ ಏರಿಯಾದ ಹಳೇ ಸಾಬರು, ನನ್ನ ಕಾರಿನ ಹುಟ್ಟು ನೋಡಿದವರು. "ಭಾಯ್, ನಾಡಿದ್ದಿಗೆ ಎಡಗಡೆ ಬ್ರೇಕ್ ಕೇಬಲ್ ಬಿಚ್ಚಿಬಿಡಿ. ಪೆಡಲ್ ಮಾತ್ರ ಇರಲಿ" ಅಂದೆ.

"ಅರೇ ಅಕ್ಕ, ಎಲ್ರೂ ಬ್ರೇಕ್ ಹಿಡಿತಿಲ್ಲ ಅಂತ ಬರ್ತಾರೆ. ಹಿಡಿಯೋ ಬ್ರೇಕ್ ಬಿಚ್ಚಿ ಅಂತ ಬಂದೋರು ನೀವೊಬ್ರೇ" ಅಂದ್ರು. ಕಥೆ ಹೇಳಿದೆ. ತಲೆ ಆಡಿಸಿ, "ಬರೀ ಬಿಚ್ಚಿದ್ರೆ ಪೆಡಲ್ ಲೂಸಾಗುತ್ತೆ. ಬಸ್ ಡ್ರೈವರ್ ಕಾಲು, ಗೊತ್ತಾಗ್ಬಿಡುತ್ತೆ. ಒಂದು ಸ್ಪ್ರಿಂಗ್ ಕೂರಿಸ್ತೀನಿ, ತುಳಿದ್ರೆ ಬ್ರೇಕ್ ಥರಾನೇ ಇರುತ್ತೆ" ಅಂದ್ರು.

ಆಪರೇಷನ್ ದಿನ ಬಂತು. ಕ್ಲಾಸಿಗೆಲ್ಲ ರಜ ಹೇಳಿದೆ. ಇವರು ಕೂತ್ರು, ಪೆಡಲ್ ಒಂದು ಸಲ ತುಳಿದು ನೋಡಿದ್ರು. ನನ್ನ ಜೀವ ಕೈಲಿತ್ತು. "ಇವತ್ತು ಬ್ರೇಕ್ ಇನ್ನೂ ಚೆನ್ನಾಗಿದೆ" ಅಂದ್ರು. "ರೈಟ್!"

ಚಿಕ್ಕಬಳ್ಳಾಪುರದಿಂದ ಚಿಂತಾಮಣಿ ತನಕ ಆ ಮನುಷ್ಯ ಕಾಲು ಎತ್ತಲಿಲ್ಲ. ಅವರು ತುಳಿದಾಗಲೆಲ್ಲ ನಾನೂ ನನ್ನ ಬ್ರೇಕ್ ಮೇಲೆ ಮೆಲ್ಲಗೆ ಕಾಲಿಡ್ತಿದ್ದೆ. ಶಿಡ್ಲಘಟ್ಟದ ಹತ್ರ ಟೊಮೆಟೊ ತುಂಬಿದ ಗಾಡಿಯೊಂದು ಹೇಳದೆ ಕೇಳದೆ ಅಡ್ಡ ನುಗ್ಗಿತು. ನಾನು ಹಿಡಿದೆ. ನಿಂತಿತು. ಇವರು ಬೆವರು ಒರೆಸ್ಕೊಂಡು, "ನೋಡಿದ್ಯಾ? ನಾನು ಹಿಡೀದೆ ಇದ್ದಿದ್ರೆ ಇವತ್ತು ಇಬ್ರೂ ಟೊಮೆಟೊ ಗೊಜ್ಜು" ಅಂದ್ರು. ಮುಂದೆ ಒಂದು ಎಮ್ಮೆ, ಅದನ್ನೂ ಅವರೇ ಉಳಿಸಿದ್ರು.

ಆಸ್ಪತ್ರೆಯಲ್ಲಿ ನರ್ಸಮ್ಮ, "ತಾತಾ, ಹೆಂಗೆ ಬಂದ್ರಿ?" ಅಂತ ಕೇಳಿದಳು.

"ಓಡಿಸಿದ್ದು ಇವಳು, ನಿಲ್ಲಿಸಿದ್ದು ನಾನು. ಓಡಿಸೋದೇನಮ್ಮ, ಯಾರು ಬೇಕಾದ್ರೂ ಓಡಿಸ್ತಾರೆ" ಅಂದ್ರು. ನಾನು ನಾಲಿಗೆ ಕಚ್ಚಿಕೊಂಡೆ. ನನ್ನ ಜೀವನದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದಿದ್ದು ಅದೇ ಮೊದಲು.

ಆಪರೇಷನ್ ಚೆನ್ನಾಗಾಯ್ತು. ಪಟ್ಟಿ ಕಟ್ಟಿಸ್ಕೊಂಡು, ಬಲಗಣ್ಣು ಮುಚ್ಚಿ, ಎಡಗಣ್ಣು ಮಂಜಾಗಿ, ಏನೂ ಕಾಣದೇ ಇದ್ರೂ ವಾಪಸ್ ಬರ್ತಾ ದಾರಿಯುದ್ದಕ್ಕೂ ಬ್ರೇಕ್ ಹಿಡ್ಕೊಂಡೇ ಬಂದ್ರು. ಸಾಯಂಕಾಲ ನೋಡಕ್ಕೆ ಬಂದವರಿಗೆಲ್ಲ ಕಣ್ಣಿನ ವಿಷಯ ಒಂದು ಮಾತು, ಟೊಮೆಟೊ ಗಾಡಿ ವಿಷಯ ಹತ್ತು ಮಾತು.

ಮಾರನೇ ದಿನ ಪಟ್ಟಿ ಬಿಚ್ಚಿಸಕ್ಕೆ ಮತ್ತೆ ಚಿಂತಾಮಣಿ. ಡಾಕ್ಟ್ರು ಪಟ್ಟಿ ತೆಗೆದು, "ಹೆಂಗಿದೆ?" ಅಂದ್ರು. ಇವರು ಸುತ್ತ ನೋಡಿದ್ರು. ಗೋಡೆ ನೋಡಿದ್ರು, ಕಿಟಕಿ ನೋಡಿದ್ರು, ನನ್ನ ನೋಡಿದ್ರು. ಅವರ ಕಣ್ಣಲ್ಲಿ ನೀರು. "ಈ ಸೀರೆ ಬಿಳೀದಾ? ಇಷ್ಟು ದಿನ ಹಳದಿ ಅಂದ್ಕೊಂಡಿದ್ದೆ ಕಣೇ" ಅಂದ್ರು.  ದೇವರೇ, ಕಣ್ಣು ಉಳೀತಲ್ಲಪ್ಪ ಅಂತ ಮನಸ್ಸಲ್ಲೇ ಕೈ ಮುಗಿದೆ.

ಇನ್ನೂ ಸ್ವಲ್ಪ ಹತ್ತಿರ ಬಂದು ನೋಡಿ, "ಅಲ್ವೇ, ನಿನಗೆ ಇಷ್ಟೊಂದು ನರೆ ಬಂದಿದೆಯೇನೇ?" ಅಂದ್ರು.

"ಡಾಕ್ಟ್ರೇ, ಪಟ್ಟಿ ಮತ್ತೆ ಕಟ್ಬಿಡಿ" ಅಂದೆ.

ಹೊರಗೆ ಬಂದು ಕಾರು ಹತ್ತಿದ್ವಿ. ಹೊಸ ಕಣ್ಣು ನೋಡಿ, ಸುಮ್ನಿರುತ್ತಾ? ಮೀಟರ್ ನೋಡಿದ್ರು, ಕನ್ನಡಿ ನೋಡಿದ್ರು. ಆಮೇಲೆ ಬಗ್ಗಿ ತಮ್ಮ ಕಾಲ ಹತ್ರ ನೋಡಿದ್ರು. ನೋಡ್ತಾನೇ ಇದ್ರು. ಪೆಡಲ್ ಇದೆ, ಹಿಂದೆ ಒಂದು ಸ್ಪ್ರಿಂಗ್ ಇದೆ, ಕೇಬಲ್ ಇಲ್ಲ.

 ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇದೆ. ಈ ಮನುಷ್ಯ ಈಗ ಸಿಟ್ಟು ಮಾಡ್ಕೊಂಡು ಇಳಿದು ಹೋದ್ರೆ ಆ ಕಣ್ಣು ಹಂಗೇ ಹೋಯ್ತು.

"ನಿನ್ನೆಯಿಂದಾನೂ ಹಿಂಗೇ ಇತ್ತಾ?" ಅಂದ್ರು.

"ಹೂಂರೀ."

"ಶಿಡ್ಲಘಟ್ಟದ ಹತ್ರ ಆ ಟೊಮೆಟೊ ಗಾಡಿ?"

"ನಾನೇ ಹಿಡಿದಿದ್ದು."

"ಎಮ್ಮೆ?"

"ಅದೂ ನಾನೇ."

 ಇಳೀಲಿಲ್ಲ. ಬೆಲ್ಟ್ ಎಳೆದು ಹಾಕ್ಕೊಂಡ್ರು. "ಪರವಾಗಿಲ್ಲ. ಚೆನ್ನಾಗೇ ಹಿಡಿತೀಯ" ಅಂದ್ರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಡ್ರೈವಿಂಗಿಗೆ ಸಿಕ್ಕ ಮೊದಲನೇ ಸರ್ಟಿಫಿಕೇಟು. ಆಮೇಲೆ ಕೈ ಬೀಸಿ, "ರೈಟ್!" ಅಂದ್ರು.

ಗಾಡಿ ಎತ್ತಿದೆ. ಸರ್ಕಲ್ ಬಂತು. ಎದುರಿಗೆ ಬಸ್ಸು. ಪಕ್ಕದಲ್ಲಿ ಕಿರ್ ಅಂತ ಸ್ಪ್ರಿಂಗ್ ಸದ್ದು. ನೋಡ್ತೀನಿ, ಇವರ ಕಾಲು ಮತ್ತೆ ಆ ಪೆಡಲ್ ಮೇಲೆ, ಬಲವಾಗಿ!

"ರೀ, ಅದು ಬರೀ ಸ್ಪ್ರಿಂಗ್ ಅಂತ ಈಗ ತಾನೇ ಕಣ್ಣಾರೆ ನೋಡಿದ್ರಲ್ಲ! ಕಾರು ನಿಲ್ಲಲ್ಲ ಅಂತ ಗೊತ್ತಿದ್ದೂ ಯಾಕೆ ತುಳೀತೀರಾ?"

"ಕಾರು ನಿಲ್ಲಲಿ ಅಂತಲ್ಲ ಕಣೇ," ಅಂದ್ರು, ಕಾಲು ಎತ್ತದೆ, "ನಾನು ಇಳಿದು ಓಡದೆ ಕೂತಿರಲಿ ಅಂತ."